ಬಸ್ ನಿಲ್ದಾಣವನ್ನು ನಂಬಿದ ವ್ಯಾಪಾರ

ತಾಲ್ಲೂಕು ಕೇಂದ್ರದ ಬಟ್ಟೆ ಅಂಗಡಿಯ ಮಾಲೀಕರನ್ನು ದಿನದ ವಹಿವಾಟು ಯಾವಾಗ ಆರಂಭವಾಗುತ್ತದೆಂದು ವಿಚಾರಿಸಿದರೆ, ಬಹುತೇಕರು ಗಡಿಯಾರದ ಹೊತ್ತನ್ನು ಹೇಳುವುದಿಲ್ಲ. ಇಂಥ ಊರಿನ ಬಸ್ಸು ಬಂದ ಮೇಲೆ ಎನ್ನುತ್ತಾರೆ. ಬಾಗಿಲು ಹಾಕುವ ಹೊತ್ತೂ ಅಷ್ಟೇ. ಕೊನೆಯ ಬಸ್ಸು ನಿಲ್ದಾಣ ಬಿಟ್ಟಿತೆಂದರೆ ಪೇಟೆಯ ಬೀದಿ ತಾನಾಗಿಯೇ ಬರಿದಾಗುತ್ತದೆ. ಗ್ರಾಮೀಣ ವಾಣಿಜ್ಯವನ್ನು ಕುರಿತ ಚರ್ಚೆಗಳಲ್ಲಿ ಸಾಲ, ತೆರಿಗೆ, ವಿದ್ಯುತ್ತುಗಳಿಗೆ ದೊರೆಯುವ ಸ್ಥಾನ ಈ ಬಸ್ಸಿಗೆ ದೊರೆತಿಲ್ಲವೆಂಬುದು ವಿಷಾದಕರ.

ಈ ವ್ಯವಸ್ಥೆಯ ಕೇಂದ್ರದಲ್ಲಿರುವುದು ವಸತಿ ಬಸ್ಸು. ಸಂಜೆ ಪಟ್ಟಣದಿಂದ ಹೊರಟು ಕಡೆಯ ಹಳ್ಳಿಯಲ್ಲಿ ರಾತ್ರಿ ತಂಗುವ ಈ ಬಸ್ಸು ನಸುಕಿನಲ್ಲಿ ಮರಳಿ ಪಟ್ಟಣಕ್ಕೆ ಬರುತ್ತದೆ. ಚಾಲಕ, ನಿರ್ವಾಹಕರಿಬ್ಬರೂ ಬಸ್ಸಿನೊಳಗೋ, ಗುಡಿಯ ಕಟ್ಟೆಯ ಮೇಲೋ ಮಲಗುತ್ತಾರೆ. ಬೆಳಗಿನ ಸುತ್ತುವಳಿಯಲ್ಲಿ ತರಕಾರಿ ಬುಟ್ಟಿ, ಹಾಲಿನ ಕ್ಯಾನು, ಹೂವಿನ ಗಂಟು, ಕಾಲೇಜಿಗೆ ಹೋಗುವ ಮಕ್ಕಳು ಬರುತ್ತಾರೆ. ಸಂಜೆಯ ಸುತ್ತುವಳಿಯಲ್ಲಿ ಕಿರಾಣಿ ಚೀಲ, ಪಂಪಿನ ಬಿಡಿಭಾಗ, ಔಷಧಿಯ ಪೊಟ್ಟಣ ಹಿಂದಿರುಗುತ್ತವೆ. ಹಳ್ಳಿಯ ಚಿಕ್ಕ ಅಂಗಡಿಕಾರನಿಗೆ ಪ್ರತ್ಯೇಕ ವಾಹನದ ಬಾಡಿಗೆ ಕೊಡುವಷ್ಟು ಲಾಭಾಂಶವಿಲ್ಲ. ಆದುದರಿಂದ ಈ ಬಸ್ಸೇ ಆತನ ಸರಕು ಸಾಗಣೆ ವ್ಯವಸ್ಥೆ. ವಸತಿ ಬಸ್ಸು ರದ್ದಾದರೆ ಆತ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಅಂಗಡಿ ತೆರೆಯುವಂತಿಲ್ಲ. ಒಂದು ದಿನದ ವ್ಯಾಪಾರವನ್ನೇ ಬಿಟ್ಟುಕೊಡಬೇಕಾಗುತ್ತದೆ.

ನಾಡಿನ ಸರ್ಕಾರಿ ಸಾರಿಗೆಯ ಇತಿಹಾಸ 1948ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆಯಿಂದ ಆರಂಭವಾಗುತ್ತದೆ. 1961ರಲ್ಲಿ ಅದು ನಿಗಮವಾಯಿತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಾಯವ್ಯ ಸಂಸ್ಥೆಯೂ, 2000ದಲ್ಲಿ ಕಲಬುರಗಿಯಲ್ಲಿ ಈಶಾನ್ಯ ಸಂಸ್ಥೆಯೂ ಬೇರ್ಪಟ್ಟವು. ಈಶಾನ್ಯ ಸಂಸ್ಥೆಗೆ ಇಂದು ಕಲ್ಯಾಣ ಕರ್ನಾಟಕದ ಹೆಸರಿದೆ. ಕರಾವಳಿಯಲ್ಲಿ ಮಾತ್ರ ಖಾಸಗಿ ಬಸ್ಸುಗಳದೇ ಮೇಲುಗೈ. ಉಡುಪಿ ಸಮೀಪದ ಶಂಕರಪುರದ ಮಲ್ಲಿಗೆಯನ್ನು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರಲಾಗುತ್ತದೆ. ಅಂದಿನ ದರ ಅಂದೇ ನಿಗದಿಯಾಗುತ್ತದೆ. ಇಂಥ ಸರಕಿಗೆ ಅರ್ಧ ತಾಸಿನ ವಿಳಂಬವೂ ನಷ್ಟವೇ.

ಮಲೆನಾಡಿನ ಕೊಪ್ಪದ ಅನುಭವವನ್ನು ವರ್ತಕರು ಮರೆಯಬಾರದು. ಅಲ್ಲಿ ಖಾಸಗಿ ಸಂಸ್ಥೆಯೊಂದರ ನೌಕರರು 1991ರಲ್ಲಿ ತಾವೇ ಒಂದುಗೂಡಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಘಟ್ಟದ ಒಳಊರುಗಳಿಗೆ ಸುಮಾರು ಮೂರು ದಶಕ ಓಡಿದ ಆ ಬಸ್ಸುಗಳು 2020ರಲ್ಲಿ ನಿಂತುಹೋದವು. ಮಾರ್ಗವೊಂದು ನಿಂತಾಗ ಪ್ರಯಾಣಿಕರು ಹೇಗಾದರೂ ಮಾಡಿ ಊರು ಸೇರುತ್ತಾರೆ. ಯಾರಾದರೊಬ್ಬರ ಜೀಪು, ಬೈಕು ಸಿಕ್ಕೇ ಸಿಗುತ್ತದೆ. ಆದರೆ ವಾರಕ್ಕೆರಡು ಬಾರಿ ಪೇಟೆಗೆ ಬರುತ್ತಿದ್ದವರು ತಿಂಗಳಿಗೆರಡು ಬಾರಿ ಬರತೊಡಗುತ್ತಾರೆ, ಬಂದಾಗಲೂ ದೊಡ್ಡ ಊರಿಗೇ ಹೋಗಿಬಿಡುತ್ತಾರೆ. ಹೀಗೆ ತಪ್ಪಿದ ಗಿರಾಕಿ, ಬಸ್ಸು ಮತ್ತೆ ಬಂದರೂ ಸುಲಭವಾಗಿ ಮರಳುವುದಿಲ್ಲ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಚಿತ್ರ ಬದಲಾಯಿತು. ರಾಜ್ಯದ ಮಹಿಳೆಯರು ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದಾಗಿದೆ. ಉಳಿದ ಬಸ್ ದರ ಅಂಗಡಿಯ ಗಲ್ಲಾಪೆಟ್ಟಿಗೆಗೆ ಬರುತ್ತದೆಯೇ ಎಂಬುದು ಪೇಟೆಯಲ್ಲಿ ಇಂದಿಗೂ ನಡೆದಿರುವ ವಾದ. ಉಚಿತ ಟಿಕೆಟ್ಟು ಗಿರಾಕಿಯನ್ನು ತಾಲ್ಲೂಕಿಗೆ ತಂದಷ್ಟೇ ಸುಲಭವಾಗಿ ಜಿಲ್ಲಾ ಕೇಂದ್ರಕ್ಕೂ ಒಯ್ಯಬಲ್ಲದೆಂಬುದನ್ನು ಸಣ್ಣ ವರ್ತಕರು ಗಮನಿಸಬೇಕು. ಜೊತೆಗೆ, ಕಿಕ್ಕಿರಿದ ಬಸ್ಸಿನಲ್ಲಿ ಬುಟ್ಟಿ ಇಡಲು ಜಾಗವಿಲ್ಲದಿರುವುದು ಸಂತೆಯ ದಿನಗಳ ದೂರಾಗಿದೆ.

ಸರಕು ಸಾಗಣೆಯ ವಿಷಯಕ್ಕೆ ಬಂದರೆ, ರಸೀದಿಯಿಲ್ಲದೆ ಚಾಲಕರ ಕೈಗೆ ಪೊಟ್ಟಣ ಕೊಟ್ಟು, ಅತ್ತ ಕಡೆಯವರಿಗೆ ಬಸ್ಸಿನ ಸಂಖ್ಯೆ ತಿಳಿಸುವ ರೂಢಿ ಹಳೆಯದು. ಅಗ್ಗ, ಶೀಘ್ರ, ಆದರೆ ಅಪಾಯಕರ. ಸರಕು ಕಳೆದರೆ ಕೇಳಲು ಆಧಾರವಿಲ್ಲ. ತಪಾಸಣೆಯಲ್ಲಿ ಸಿಕ್ಕಿದರೆ ಚಾಲಕರ ಕೆಲಸಕ್ಕೇ ಕುತ್ತು. ರಾಜ್ಯ ರಸ್ತೆ ಸಾರಿಗೆ ನಿಗಮವು 2021ರ ಫೆಬ್ರವರಿಯಲ್ಲಿ ‘ನಮ್ಮ ಕಾರ್ಗೋ’ ಸೇವೆಯನ್ನು ಆರಂಭಿಸಿ, ನಿಲ್ದಾಣಗಳಲ್ಲಿ ರಸೀದಿ ನೀಡಿ ಪಾರ್ಸೆಲ್ ಸ್ವೀಕರಿಸುವ ಏರ್ಪಾಡು ಮಾಡಿತು; 2023ರ ಕೊನೆಯಲ್ಲಿ ಪ್ರತ್ಯೇಕ ಸರಕು ಲಾರಿಗಳನ್ನೂ ರಸ್ತೆಗಿಳಿಸಿತು. ಕೌಂಟರು ಇರುವೆಡೆ ಅದನ್ನೇ ಬಳಸುವುದು ಲೇಸು. ಕೌಂಟರಿನ ಸಮಯ ನಸುಕಿನ ಬಸ್ಸಿಗೆ ಹೊಂದದ ಕಡೆಗಳಲ್ಲಿ ಹಳೆಯ ರೂಢಿ ಮುಂದುವರಿದರೆ ವರ್ತಕರನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಹೇಗೇ ಕಳುಹಿಸಿದರೂ ಸರಕಿನೊಡನೆ ಬಿಲ್ಲಿನ ಪ್ರತಿ ಇರಬೇಕು. ತೆರಿಗೆಗೆ ಒಳಪಟ್ಟ ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಸಹ ಅಗತ್ಯ. ಬಸ್ಸಿನಲ್ಲಿ ಸಾಗಿಸಿದ ಮಾತ್ರಕ್ಕೆ ವಿನಾಯಿತಿಯಿಲ್ಲ.

ಹಾಗಾದರೆ ಬಸ್ಸಿನ ವೇಳೆಯನ್ನು ಬದಲಿಸಿಕೊಳ್ಳುವುದು ಹೇಗೆ? ವರ್ತಕರ ಸಂಘಗಳು ಸಾಮಾನ್ಯವಾಗಿ ‘ಸಾರ್ವಜನಿಕರಿಗೆ ತೊಂದರೆಯಾಗುತ್ತಿದೆ’ ಎಂಬ ಒಂದೇ ಸಾಲಿನ ಮನವಿ ಸಲ್ಲಿಸಿ ಸುಮ್ಮನಾಗುತ್ತವೆ. ಸಂಸ್ಥೆಯು ಮಾರ್ಗವೊಂದನ್ನು ಅಳೆಯುವಾಗ ಪ್ರತಿ ಕಿಲೋಮೀಟರಿನ ಗಳಿಕೆಯನ್ನು ನೋಡುತ್ತದೆ. ಆದುದರಿಂದ ಮನವಿಯೂ ಅದೇ ಭಾಷೆಯಲ್ಲಿರಬೇಕು. ನಾಲ್ಕು ಸಂತೆಗಳ ದಿನ ನಿಲ್ದಾಣದಲ್ಲಿ ನಿಂತು, ಯಾವ ಹೊತ್ತಿಗೆ ಯಾವ ಊರಿಗೆ ಎಷ್ಟು ಜನ ಉಳಿದುಹೋದರು, ಎಷ್ಟು ಲಗೇಜು ಬಿದ್ದಿತ್ತು ಎಂಬುದನ್ನು ಬರೆದಿಟ್ಟುಕೊಂಡು ಘಟಕ ವ್ಯವಸ್ಥಾಪಕರಿಗೂ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೂ ಕೊಟ್ಟರೆ ಮಾತಿಗೆ ತೂಕ ಬರುತ್ತದೆ. ಹೊಸ ಬಸ್ಸನ್ನೇ ಕೇಳಬೇಕೆಂದಿಲ್ಲ. ಇರುವ ಸುತ್ತುವಳಿಯನ್ನು ಇಪ್ಪತ್ತು ನಿಮಿಷ ಮುಂದೂಡುವುದಕ್ಕೆ ಇನ್ನೊಂದು ವಾಹನವಾಗಲಿ, ಸಿಬ್ಬಂದಿಯಾಗಲಿ ಬೇಕಿಲ್ಲ. ನಿಲ್ದಾಣದ ಸಂಚಾರ ನಿಯಂತ್ರಕರನ್ನು ಮೊದಲು ಕಂಡು ಮಾತನಾಡುವುದು ಒಳ್ಳೆಯದು. ಯಾವ ಬಸ್ಸು ತುಂಬಿ ಹೋಗುತ್ತದೆ, ಯಾವುದು ಖಾಲಿ ತಿರುಗುತ್ತದೆ ಎಂಬುದು ಅವರಿಗೆ ಕಡತ ತೆರೆಯದೆಯೇ ಗೊತ್ತಿರುತ್ತದೆ.