ಕನ್ನಡಿಯಿಲ್ಲದ ಲೇಸರ್

ಕಲ್ಲುಸಕ್ಕರೆಯ ಸ್ವಚ್ಛವಾದ ತುಂಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಆಚೆಯ ಕಂಬಿಗಳು ಕೊಂಚ ಸೊಟ್ಟಗಾದರೂ ಕಾಣಿಸುತ್ತವೆ. ಅದೇ ತುಂಡನ್ನು ಕುಟ್ಟಾಣಿಗೆ ಹಾಕಿ ನಾಲ್ಕು ಪೆಟ್ಟು ಕೊಟ್ಟೆವೆಂದರೆ ಉಳಿಯುವುದು ಬೆಳ್ಳಗಿನ ಹಿಟ್ಟು, ಅದರ ಮೂಲಕ ಏನೂ ಕಾಣದು. ಸಕ್ಕರೆ ಬೇರೆಯಾಗಿಲ್ಲ, ಹೊರಗಿನಿಂದ ಬಣ್ಣ ಬಂದು ಸೇರಿಲ್ಲ. ಒಂದು ಹರಳಿದ್ದೆಡೆಯಲ್ಲಿ ಈಗ ಅಸಂಖ್ಯ ಕಣಗಳಿದ್ದು, ಅವುಗಳ ಒಂದೊಂದು ಮುಖವೂ ಬೆಳಕನ್ನು ಒಂದೊಂದು ದಿಕ್ಕಿಗೆ ಬಾಗಿಸಿ ನೆರೆಯ ಕಣಕ್ಕೆ ಒಪ್ಪಿಸುವುದರಿಂದ, ಒಳಹೊಕ್ಕ ಕಿರಣವು ದಾರಿ ತಪ್ಪಿ, ಅಲೆದು ಅಲೆದು, ಕಡೆಗೆ ಎತ್ತಲಿಂದಲೋ ಹೊರಬೀಳುತ್ತದೆ. ಆ ಅಲೆದಾಟವೇ ನಮ್ಮ ಕಣ್ಣಿಗೆ ಬಿಳುಪಾಗಿ ತೋರುವುದು.

ಇಂಥ ಬಿಳಿಯ ಪುಡಿಯಿಂದ ಲೇಸರ್ ಬೆಳಕು ಹೊರಡುವುದುಂಟು ಎಂದರೆ, ಭೌತವಿಜ್ಞಾನವನ್ನು ಶ್ರದ್ಧೆಯಿಂದ ಓದಿದವರೇ ಮೊದಲು ಅಲ್ಲಗಳೆಯುತ್ತಾರೆ, ಓದದವರಿಗೆ ಆಕ್ಷೇಪಣೆಯಿಲ್ಲ. ಪಠ್ಯಪುಸ್ತಕದ ಚಿತ್ರದಲ್ಲಿ ಲೇಸರೆಂದರೆ ನಡುವೆ ಒಂದು ದಂಡ, ಎರಡು ಕೊನೆಗಳಲ್ಲಿ ಎರಡು ಕನ್ನಡಿ. 1960ರ ಮೇ ತಿಂಗಳಲ್ಲಿ ಥಿಯೊಡೋರ್ ಮೈಮನ್ ಬೆಳಗಿಸಿದ ಮೊದಲ ಮಾಣಿಕ್ಯದ ಲೇಸರಿಗೂ ಕೊನೆಗಳಲ್ಲಿ ಬೆಳ್ಳಿಯ ಲೇಪವಿದ್ದಿತು. ಆದಕಾರಣ ಕನ್ನಡಿಯಿಲ್ಲದೆ ಲೇಸರಿಲ್ಲವೆಂಬ ನಂಬಿಕೆ ಬೇರೂರಿದೆ. ಆದರೆ ಲೇಸರೆಂಬ ಹೆಸರಿನ ಅಕ್ಷರಗಳನ್ನು ಬಿಡಿಸಿ ನೋಡಿದರೆ ಅಲ್ಲಿರುವುದು ಪ್ರಚೋದಿತ ಉತ್ಸರ್ಜನೆಯಿಂದಾಗುವ ಬೆಳಕಿನ ವರ್ಧನೆ ಎಂಬಷ್ಟೇ. ಕನ್ನಡಿಯ ಮಾತೇ ಇಲ್ಲ. ಶಕ್ತಿಯನ್ನು ತುಂಬಿಕೊಂಡು ನಿಂತ ಅಯಾನಿನ ಬಳಿ ತಕ್ಕ ತರಂಗದೂರದ ಫೋಟಾನೊಂದು ಹಾದುಹೋದರೆ, ಆ ಅಯಾನು ತನ್ನ ಶಕ್ತಿಯನ್ನು ತದ್ರೂಪವಾದ ಇನ್ನೊಂದು ಫೋಟಾನಾಗಿ ಬಿಟ್ಟುಕೊಡುವುದು. ಒಂದು ಎರಡಾಗಿ ಎರಡು ನಾಲ್ಕಾಗುವ ಈ ವೃದ್ಧಿಗೆ ಬೇಕಾದುದು, ಬೆಳಕು ಸಾಕಷ್ಟು ಹೊತ್ತು ಆ ದ್ರವ್ಯದೊಳಗೇ ಉಳಿಯುವುದು. ಕನ್ನಡಿಗಳು ಅದನ್ನು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಆಡಿಸಿ ತಡೆದಿಡುತ್ತವೆ. ಪುಡಿಯಾದರೋ, ತೇರಿನ ದಿನದ ಜನಜಂಗುಳಿಯು ತನ್ನೊಳಗೆ ಸಿಕ್ಕಿದವನನ್ನು ಅಡಿಗಡಿಗೆ ಬೇರೊಂದು ಕಡೆಗೆ ನೂಕಿ ತಡಮಾಡಿಸುವಂತೆ, ಅದೇ ಕಾರ್ಯವನ್ನು ನೆರವೇರಿಸುತ್ತದೆ.

ಚದರಿಕೆಯೆಂದರೆ ನಷ್ಟ, ಅದು ಲೇಸರಿನ ಶತ್ರು ಎಂಬುದು ಇನ್ನೊಂದು ನಂಬಿಕೆ. ಇದು ಪೂರ್ತಿ ಸುಳ್ಳೇನಲ್ಲ. ದಂಡದೊಳಗಿನ ಸಣ್ಣ ಗುಳ್ಳೆಯೊಂದು ಕಿರಣದ ದಾರಿ ಕೆಡಿಸಬಲ್ಲುದು. ಆದರೆ ಅಲ್ಪಸ್ವಲ್ಪ ಚದರಿದರೆ ಕೇಡು, ವಿಪರೀತವಾಗಿ ಚದರಿದರೆ ಉಪಕಾರ ಎಂಬ ವೈಚಿತ್ರ್ಯದ ಸುಳಿವು ಸಿಕ್ಕಿದ್ದು ಮಾಸ್ಕೋದ ಲೆಬೆಡೆವ್ ಸಂಸ್ಥೆಯಲ್ಲಿ. ಅಲ್ಲಿ ನಿಕೊಲಾಯ್ ಬಾಸೋವ್ ಮತ್ತು ಅವರ ಸಂಗಡಿಗರು 1966ರಲ್ಲಿ ಒಂದು ಕನ್ನಡಿಯನ್ನು ತೆಗೆದು, ಆ ಸ್ಥಾನದಲ್ಲಿ ಬೆಳಕನ್ನು ಚದರಿಸುವ ಮೇಲ್ಮೈಯನ್ನಿಟ್ಟು ಲೇಸರನ್ನು ನಡೆಸಿದರು. ಅವರಲ್ಲೊಬ್ಬರಾದ ಲೆತೊಖೋವ್ ಒಂದೆರಡು ವರ್ಷಗಳಲ್ಲಿಯೇ ಎರಡನೆಯ ಕನ್ನಡಿಯನ್ನೂ ಕಾಗದದ ಮೇಲೆ ತೆಗೆದುಹಾಕಿದರು. ವೃದ್ಧಿಯು ರಾಶಿಯ ಗಾತ್ರವನ್ನೂ ಸೋರಿಕೆಯು ಅದರ ಹೊರಮೈಯನ್ನೂ ಅನುಸರಿಸುವುದರಿಂದ, ರಾಶಿ ದೊಡ್ಡದಾದಂತೆ ವೃದ್ಧಿಯೇ ಮೇಲುಗೈಯಾಗುವ ಘಟ್ಟವೊಂದು ಬಂದೇ ಬರಬೇಕು; ಪರಮಾಣು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳ ಸರಪಣಿ ಕ್ರಿಯೆ ತಾನಾಗಿ ನಡೆಯಲು ಇಂಧನ ಇಂತಿಷ್ಟಾದರೂ ಇರಬೇಕೆಂಬ ನಿಯಮದ ಒಡಹುಟ್ಟು ಇದು.

ಆ ಲೆಕ್ಕ ಪುಡಿಯಲ್ಲಿ ಮೈದಾಳಿದ್ದು 1986ರಲ್ಲಿ. ಅಂದಿನ ಸೋವಿಯತ್ ದೇಶದ ಮಾರ್ಕುಶೇವ್, ಜೋಲಿನ್, ಬ್ರಿಸ್ಕಿನಾ ಎಂಬ ಮೂವರು, ನಿಯೋಡಿಮಿಯಂ ಬೆರೆತ ಸೋಡಿಯಂ ಲ್ಯಾಂಥನಮ್ ಮಾಲಿಬ್ಡೇಟಿನ ಪುಡಿಯನ್ನು ದ್ರವ ನೈಟ್ರೋಜನ್ನಿನ ಶೈತ್ಯದಲ್ಲಿರಿಸಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಅದರ ಮೇಲೆ 20 ನ್ಯಾನೊಸೆಕೆಂಡುಗಳ ಬೆಳಕಿನ ಸ್ಪಂದಗಳನ್ನು ಸುರಿದರು. ಒಂದು ಮಿತಿಯವರೆಗೆ ಸಾಧಾರಣ ಪ್ರತಿದೀಪ್ತಿ. ಮಿತಿ ದಾಟಿದೊಡನೆ ರೋಹಿತದ ಹಲವು ಗೆರೆಗಳು ಅಡಗಿ ಒಂದೇ ಗೆರೆ ಉಳಿಯಿತು, ಹೊಳಪಿನ ಅವಧಿ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿಗೆ ಇಳಿಯಿತು.

ಹರಳನ್ನು ಜಜ್ಜಿದರೂ ಆ ಗೆರೆ ಮಾಸದಿದ್ದುದೇಕೆ? ನಿಯೋಡಿಮಿಯಂ ಸೇರಿದಂತೆ ವಿರಳಭಸ್ಮ ಧಾತುಗಳ ಹಿರಿಮೆಯೇ ಇಲ್ಲಿದೆ. ಅವುಗಳಲ್ಲಿ ಬೆಳಕಿನ ವ್ಯವಹಾರ ನಡೆಸುವ ಎಲೆಕ್ಟ್ರಾನುಗಳು ಹೊರಗಣ ಎಲೆಕ್ಟ್ರಾನುಗಳ ಮರೆಯಲ್ಲಿ, ಒಳಮನೆಯಲ್ಲಿ ಕುಳಿತ ಹಿರಿಯರಂತೆ ಇರುವುದರಿಂದ, ಜಗಲಿಯ ಗದ್ದಲ ಅವುಗಳಿಗೆ ಅಷ್ಟಾಗಿ ತಟ್ಟದು. ಕಣ ಕಿರಿದಾದರೂ ಅಂಚು ಮುರಿದರೂ ನಿಯೋಡಿಮಿಯಂ ತನ್ನ ತರಂಗದೂರವನ್ನು ಬಿಟ್ಟುಕೊಡದು. ಪ್ರಸಂಗವಶಾತ್ ಇದನ್ನೂ ಹೇಳಿಬಿಡಬೇಕು: ‘ವಿರಳ’ವೆಂಬುದು ಹೆಸರಿಗೆ ಮಾತ್ರ, ಭೂಮಿಯ ಹೊರಪದರದಲ್ಲಿ ನಿಯೋಡಿಮಿಯಂ ಸೀಸಕ್ಕಿಂತ ಹೆಚ್ಚಾಗಿಯೇ ಇದೆ. ವಿರಳವಾದುದು ಅದನ್ನು ನೆಂಟರಿಷ್ಟರಿಂದ ಬೇರ್ಪಡಿಸುವ ತಾಳ್ಮೆ.

ಇಷ್ಟನ್ನು ಕೇಳಿದವರು ಮತ್ತೊಂದು ತುದಿಗೆ ಹೋಗಿ, ವಿರಳಭಸ್ಮದ ಪುಡಿ ಬೆಳಗಿದಲ್ಲೆಲ್ಲ ಲೇಸರನ್ನು ಕಾಣತೊಡಗುತ್ತಾರೆ. ಮನೆಯ ಟ್ಯೂಬ್‌ಲೈಟಿನ ಗಾಜಿಗೆ ಒಳಗಿನಿಂದ ಬಳಿದ ಬಿಳಿಯ ಪುಡಿಯಲ್ಲಿ ಕೆಂಪಿಗೆ ಯುರೋಪಿಯಂ, ಹಸಿರಿಗೆ ಟರ್ಬಿಯಂ ಇರುವುದುಂಟು. ಅಲ್ಲಿ ಒಂದೊಂದು ಅಯಾನೂ ತನಗೆ ತೋಚಿದಾಗ ತನ್ನ ಬೆಳಕನ್ನು ತಾನೇ ಬಿಡುತ್ತದೆಯೇ ಹೊರತು, ಪರಸ್ಪರ ಪ್ರಚೋದನೆಯಿಲ್ಲ. ಲೇಸರೋ ಅಲ್ಲವೋ ಎಂಬುದಕ್ಕೆ ಪರೀಕ್ಷೆ ಹೊಳಪಲ್ಲ, ಹೊಸ್ತಿಲು: ಊಡುವ ಶಕ್ತಿಯನ್ನು ಮೆಲ್ಲಮೆಲ್ಲನೆ ಏರಿಸಿದಾಗ ಹೊರಬರುವ ಬೆಳಕು ಒಂದು ಘಟ್ಟದಲ್ಲಿ ಥಟ್ಟನೆ ನೆಗೆಯಬೇಕು, ಗೆರೆ ಕಿರಿದಾಗಬೇಕು, ಸ್ಪಂದ ಮೊಟಕಾಗಬೇಕು.

ಲೇಸರೆಂದರೆ ಸೂಜಿಯಂತೆ ನೆಟ್ಟಗೆ ಸಾಗುವ ಕಿರಣವೆಂಬುದೂ ಕನ್ನಡಿಗಳಿಂದ ಬಂದ ಭಾವನೆಯೇ. ದಿಕ್ಕನ್ನು ಕೊಡುವುದು ಕನ್ನಡಿ; ಪುಡಿಯ ಲೇಸರು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಇದನ್ನು ಕೊರತೆಯೆಂದು ಬಗೆಯುವವರು ಲೇಸರ್ ಪಾಯಿಂಟರನ್ನು ಗೋಡೆಯ ಮೇಲೆ ಬಿಟ್ಟು ನೋಡಲಿ: ಬೆಳಕಿನ ಮಚ್ಚೆ ನುಣುಪಾಗಿರದೆ, ರವೆ ಚೆಲ್ಲಿದಂತೆ ತರಿತರಿಯಾಗಿ ಮಿನುಗುತ್ತದೆ. ಕಿರಣದ ಅತಿಯಾದ ಶಿಸ್ತೇ ಇದಕ್ಕೆ ಕಾರಣ, ಮತ್ತು ಇಂಥ ಬೆಳಕಿನಲ್ಲಿ ತೆಗೆದ ಚಿತ್ರಕ್ಕೆ ಈ ತರಿ ದೊಡ್ಡ ಪೀಡೆ. 2012ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಹುಯಿ ಕಾವೊ ಮತ್ತು ಸಂಗಡಿಗರು, ಪುಡಿಯಿಂದಲ್ಲವಾದರೂ ಬಣ್ಣದ ದ್ರಾವಣದಲ್ಲಿ ಕಣಗಳನ್ನು ತೇಲಿಬಿಟ್ಟು ಮಾಡಿದ ಇದೇ ಜಾತಿಯ ಲೇಸರಿನಿಂದ, ತರಿಯಿಲ್ಲದ ಚಿತ್ರಗಳನ್ನು ತೆಗೆದು ತೋರಿಸಿದರು.

ಇದಕ್ಕೆ ಯಾದೃಚ್ಛಿಕ ಲೇಸರ್ ಎಂಬ ಹೆಸರು ಬಿದ್ದುದರಿಂದ, ಇದರಲ್ಲಿ ನಿಯಮವೇ ಇಲ್ಲವೆಂದು ತಿಳಿಯುವವರೂ ಉಂಟು. ಯಾದೃಚ್ಛಿಕವಾದುದು ಕಣಗಳ ಜೋಡಣೆ. ಹೊಸ್ತಿಲು ಎಲ್ಲಿ ಬರಬೇಕೆಂಬುದು ಲೆಕ್ಕಕ್ಕೆ ಸಿಗತಕ್ಕದ್ದು. ವರ್ಧನೆಯೂ ಅವ್ಯವಸ್ಥೆಯೂ ಒಂದೆಡೆ ಸೇರಿದ ಮಾಧ್ಯಮದಲ್ಲಿ ಬೆಳಕು ಹೇಗೆ ವರ್ತಿಸುವುದೆಂಬ ಗಣಿತವನ್ನು ಬೆಂಗಳೂರಿನ ಎನ್. ಕುಮಾರ್ ಅವರು ಪ್ರಭಾಕರ ಪ್ರಧಾನ್ ಅವರೊಡನೆ 1994ರಲ್ಲಿಯೇ ಬರೆದಿದ್ದರು.

ಹಾಗೆಂದು ಪುಡಿ ಬಂದು ಹರಳನ್ನು ಮೂಲೆಗೆ ತಳ್ಳೀತೆಂದು ಯಾರೂ ಎಣಿಸಬೇಕಾಗಿಲ್ಲ. ಉಕ್ಕನ್ನು ಕತ್ತರಿಸಲು ಒಂದೇ ಬಿಂದುವಿಗೆ ಕೂಡುವ ಕಿರಣ ಬೇಕು, ಅದು ಪುಡಿಯಿಂದಾಗದ ಕೆಲಸ. ಪ್ರಯೋಗಶಾಲೆಗೆ ಹೋಗಿ ಬೆರಗಾಗಬೇಕೆಂದಿರುವವರಿಗೂ ನಿರಾಶೆಯೇ ಕಾದಿದೆ: ನಿಯೋಡಿಮಿಯಂ ಸೂಸುವ ಬೆಳಕಿನ ತರಂಗದೂರ 1.06 ಮೈಕ್ರೋಮೀಟರಿನ ಆಸುಪಾಸು, ಕಣ್ಣಿಗೆ ಕಾಣದ ಅವಕೆಂಪು. ಮೇಜಿನ ಮೇಲೆ ಚಿಟಿಕೆ ಪುಡಿ ಸುಮ್ಮನೆ ಕುಳಿತಿರುತ್ತದೆ. ಪಕ್ಕದ ಪರದೆಯ ಮೇಲೆ ದಿಬ್ಬದಂತಿದ್ದ ಗೆರೆಯೊಂದು ಮೊಳೆಯಂತೆ ಚೂಪಾಗುತ್ತದೆ.