ನಿಮಗಿದು ಗೊತ್ತೇ? ವಾಕಡದ ಬೇಸ್‌ಮೆಂಟಿನಿಂದ ಬೆಳಗಾವಿಯ ಬಾಗಿಲವರೆಗೆ

ಪುಣೆಯ ವಾಕಡದ ಯಾವುದಾದರೂ ದೊಡ್ಡ ಸೊಸೈಟಿಯ ಬೇಸ್‌ಮೆಂಟಿಗೆ ಇಳಿದು ನೋಡಿ. ಎಂಎಚ್-14ರ ಸಾಲಿನ ನಡುವೆ ಅಲ್ಲೊಂದು ಕೆಎ-22, ಇಲ್ಲೊಂದು ಕೆಎ-25, ಮೂಲೆಯಲ್ಲಿ ಧೂಳು ಹೊದ್ದು ನಿಂತ ಕೆಎ-32. ಬೆಳಗಾವಿ, ಧಾರವಾಡ, ಕಲಬುರಗಿ! ಹಿಂಜವಡಿಯ ಕೆಲಸಕ್ಕೆಂದು ಬಂದ ನಮ್ಮವರ ಗಾಡಿಗಳು. ಹಬ್ಬಕ್ಕೆ ಊರಿಗೆ ಹೊರಟಿದ್ದೀರಲ್ಲ, ಹೊರಡುವ ಮೊದಲು ಸ್ವಲ್ಪ ನಿಲ್ಲಿ. ನಿಮ್ಮ ಕಾರಿನ ಮೈಮೇಲೆ, ನೀವು ಹೋಗುವ ದಾರಿಯ ಮೇಲೆ ಏನೇನೋ ಬರೆದಿದೆ. ಓದುತ್ತಾ ಹೋದರೆ ಬೆರಗಾಗುತ್ತೀರಿ!

ಮೊದಲು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಟೈರಿಗೂ ಜಾತಕ ಇರುತ್ತೆ ಅಂತ ಗೊತ್ತೇ? ಡಿಒಟಿ ಅನ್ನುವ ಅಕ್ಷರಗಳನ್ನು ಹುಡುಕಿ. ಆ ಸಾಲಿನ ತುದಿಯಲ್ಲಿ ನಾಲ್ಕು ಅಂಕಿ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಹುಟ್ಟಿದ ಟೈರು ಅದು. ಹುಟ್ಟಿದ ವಾರವೂ ಗೊತ್ತಾಗಿಹೋಯಿತು!

ಒಂದು ಸಲ ನನ್ನ ಸ್ಟೆಪ್ನಿಯ ಮೇಲೆ ಮೊಬೈಲಿನ ಟಾರ್ಚ್ ಹಿಡಿದು ನೋಡಿದೆ. 0714! ಒಂದು ದಿನವೂ ಓಡದ ಟೈರು, ಗೆರೆಗಳೆಲ್ಲ ಹೊಸದರಂತೆ ಆಳವಾಗಿದ್ದವು. ಆದರೆ ಮಗ್ಗುಲನ್ನು ಹೆಬ್ಬೆರಳಿಂದ ಒತ್ತಿದರೆ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟವು. ರಬ್ಬರು ಓಡಿದರಷ್ಟೇ ಸವೆಯುವುದಲ್ಲ, ಸುಮ್ಮನೆ ಮಲಗಿದ್ದರೂ ಮುದಿಯಾಗುತ್ತೆ. ನಿಮ್ಮ ಸ್ಟೆಪ್ನಿಯನ್ನು ಇವತ್ತೇ ನೋಡಿ!

ಅಂದಹಾಗೆ, ಈ 'ಸ್ಟೆಪ್ನಿ' ಒಂದು ಬೀದಿಯ ಹೆಸರು! ವೇಲ್ಸ್ ನಾಡಿನ ಲಾನೆಲ್ಲಿ ಊರಿನಲ್ಲಿ ಸ್ಟೆಪ್ನಿ ಸ್ಟ್ರೀಟ್ ಅಂತ ಒಂದಿದೆ. ಆಗಿನ ಕಾರುಗಳು ಬಿಡಿ ಚಕ್ರವಿಲ್ಲದೇ ಬರುತ್ತಿದ್ದವು. 1904ರಲ್ಲಿ ಅಲ್ಲಿನ ಡೇವೀಸ್ ಸಹೋದರರು ಬಿಡಿ ಚಕ್ರ ಮಾಡಿ ಮಾರಲು ಹೊರಟರು, ಬೀದಿಯ ಹೆಸರನ್ನೇ ಇಟ್ಟರು. ಇಂಗ್ಲೆಂಡಿನವರು ಆ ಮಾತನ್ನು ಎಂದೋ ಮರೆತರು. ನಾವು ಇನ್ನೂ ಬಿಟ್ಟಿಲ್ಲ!

ಟೈರಿನ ಅಳತೆ ಓದಿ: 185/65 ಆರ್15. ಒಂದೇ ಸಾಲಿನಲ್ಲಿ ಮೂರು ಬಗೆಯ ಲೆಕ್ಕ. 185 ಎಂದರೆ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಆ ಅಗಲದ ನೂರಕ್ಕೆ 65 ಪಾಲು ಎತ್ತರ. 15 ಎಂದರೆ ರಿಮ್ಮಿನ ಅಳತೆ, ಅದು ಮಾತ್ರ ಇಂಚಿನಲ್ಲಿ! ಜಗತ್ತೆಲ್ಲ ಈ ಕಲಸುಮೇಲೋಗರವನ್ನೇ ಒಪ್ಪಿಕೊಂಡಿದೆ.

ಆ ಸಾಲಿನ ಕೊನೆಗೆ ಒಂದು ಒಂಟಿ ಅಕ್ಷರ ಇರುತ್ತೆ. ಟೈರು ತಾಳುವ ಗರಿಷ್ಠ ವೇಗ ಅದು. ಎಸ್ ಎಂದರೆ 180, ಟಿ ಎಂದರೆ 190, ಯು ಎಂದರೆ 200 ಕಿಲೋಮೀಟರ್. ಮುಂದಿನದು ವಿ ತಾನೇ? ಅಲ್ಲ! 210ಕ್ಕೆ ಎಚ್, ಆಮೇಲೆ 240ಕ್ಕೆ ವಿ. ಅಕ್ಷರಮಾಲೆಯ ನಡುವೆ ಎಚ್ ಬಂದು ನುಗ್ಗಿ ಕೂತಿದೆ!

ಇಷ್ಟು ದೊಡ್ಡ ಟೈರಿನಲ್ಲಿ ನೆಲಕ್ಕೆ ತಾಗುವುದು ಎಷ್ಟು ಹೇಳಿ? ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಟನ್ನು ತೂಕದ ಗಾಡಿ, ಒಳಗೆ ನಿಮ್ಮ ಇಡೀ ಸಂಸಾರ, ಎಲ್ಲವೂ ನಾಲ್ಕು ಅಂಗೈಗಳ ಮೇಲೆ ಓಡುತ್ತಿದೆ. ಅಬ್ಬಾ!

ಹವಾ ಎಷ್ಟು ಹಾಕಿಸಬೇಕು? ಟೈರಿನ ಮಗ್ಗುಲಲ್ಲಿ ಬರೆದ ಅಂಕಿಯನ್ನು ನಂಬಬೇಡಿ, ಅದು ಟೈರು ತಡೆಯುವ ಗರಿಷ್ಠ ಮಿತಿ. ನಿಮ್ಮ ಕಾರಿಗೆ ಬೇಕಾದ ಅಂಕಿ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿದೆ. ಐದಾರು ಜನ ತುಂಬಿಕೊಂಡು, ಲಗೇಜು ಹೇರಿಕೊಂಡು ಹೋಗುವಾಗ ಹಿಂದಿನ ಚಕ್ರಕ್ಕೆ ಎಷ್ಟು ಅಂತ ಬೇರೆ ಲೆಕ್ಕವೂ ಎಷ್ಟೋ ಕಾರುಗಳಲ್ಲಿ ಅಲ್ಲೇ ಇರುತ್ತೆ. ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿಸಿ. ಓಡಿ ಬಂದ ಟೈರು ಬಿಸಿಯಾಗಿ ಸುಳ್ಳು ಹೇಳುತ್ತೆ!

ಟೈರು ಸವೆದದ್ದು ಗೊತ್ತಾಗುವುದು ಹೇಗೆ? ಗೆರೆಗಳ ತಳದಲ್ಲಿ ಸಣ್ಣ ದಿಬ್ಬಗಳನ್ನು ಟೈರಿನ ಜೊತೆಗೇ ಅಚ್ಚು ಹಾಕಿರುತ್ತಾರೆ, 1.6 ಮಿಲಿಮೀಟರ್ ಎತ್ತರಕ್ಕೆ. ಸುತ್ತಲಿನ ರಬ್ಬರು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಆಯುಷ್ಯ ಮುಗಿಯಿತು. ಅಳೆಯುವ ಕಡ್ಡಿ ಟೈರಿನೊಳಗೇ ಇದೆ!

ಬಾನೆಟ್ ಎತ್ತಿದ್ದೀರಾ? ಬೇಸ್‌ಮೆಂಟಿನ ಇಲಿಗಳಿಗೆ ಬೆಚ್ಚಗಿನ ಎಂಜಿನ್ ಎಂದರೆ ಹಾಸಿಗೆ. ಇಲಿಯ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತೆ, ಏನಾದರೂ ಕಡಿಯದೇ ಇದ್ದರೆ ಅದಕ್ಕೆ ಬದುಕಿಲ್ಲ. ಅದರ ಬಾಯಿಗೆ ಸಿಕ್ಕಿದ್ದು ನಿಮ್ಮ ವೈರು! ನಮ್ಮೂರ ಕಡೆ ಎಂಜಿನ್ನಿನ ಹತ್ತಿರ ಹೊಗೆಸೊಪ್ಪು ಇಡುತ್ತಾರೆ. ಹೋಂಡಾ ಕಂಪನಿಯವರು ಏನು ಮಾಡಿದ್ದಾರೆ ಗೊತ್ತೇ? ವೈರಿಗೆ ಸುತ್ತಲು ಮೆಣಸಿನಕಾಯಿಯ ಖಾರ ಸೇರಿಸಿದ ಟೇಪು!

ಇನ್ನು ನಂಬರ್ ಪ್ಲೇಟು. ಎ, ಬಿ, ಸಿ ಎಲ್ಲ ಬರುವ ನಮ್ಮ ಸರಣಿಯ ಅಕ್ಷರಗಳಲ್ಲಿ ಐ ಮತ್ತು ಓ ಎಂದೂ ಬರುವುದಿಲ್ಲ. ಐ ಅನ್ನು ಒಂದು ಅಂತ, ಓ ಅನ್ನು ಸೊನ್ನೆ ಅಂತ ಓದಿಬಿಟ್ಟರೆ? ಅದಕ್ಕೇ ಎರಡಕ್ಕೂ ರಜೆ! ನಾಳೆ ಸಿಗ್ನಲ್‌ನಲ್ಲಿ ನಿಂತಾಗ ಹುಡುಕಿ ನೋಡಿ.

ಕೆಎ ಗಾಡಿ ಇಟ್ಟುಕೊಂಡವರು ಇದನ್ನು ಗಮನಕೊಟ್ಟು ಓದಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿಯ ನಂಬರು ಮಾಡಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹಾಗೆನ್ನುತ್ತೆ. ಊರಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಆದರೆ ಎಷ್ಟೋ ಜನಕ್ಕೆ ಗೊತ್ತಿಲ್ಲದ ಮಾತು: ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ಅರ್ಜಿ ಹಾಕಿ ವಾಪಸ್ ಕೇಳಬಹುದು! ಸುತ್ತಾಟ ಇದೆ, ನಿಜ. ಆದರೂ ಅದು ನಿಮ್ಮದೇ ದುಡ್ಡು, ಬಿಡಬೇಡಿ.

ಹೊಸ ಕಾರು ಕೊಳ್ಳುವವರಿಗೆ ಇನ್ನೊಂದು ದಾರಿಯಿದೆ. 2021ರಲ್ಲಿ ಬಂದ ಬಿಎಚ್ ಸರಣಿ. ಸರ್ಕಾರಿ ನೌಕರರಿಗೆ ಸಿಗುತ್ತೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರಿಗೂ ಸಿಗುತ್ತೆ. ಈ ಪ್ಲೇಟು ಯಾವ ರಾಜ್ಯದ್ದೂ ಅಲ್ಲ, ಎಲ್ಲ ರಾಜ್ಯದ್ದೂ ಹೌದು!

ಬನ್ನಿ, ಪೆಟ್ರೋಲ್ ಬಂಕಿಗೆ. ಟ್ಯಾಂಕಿನ ಮುಚ್ಚಳ ಎಡಕ್ಕೋ ಬಲಕ್ಕೋ ಅಂತ ಕತ್ತು ಹೊರಳಿಸುತ್ತಿದ್ದೀರಾ? ಮೀಟರಿನಲ್ಲಿ ಪಂಪಿನ ಚಿತ್ರದ ಪಕ್ಕ ಪುಟ್ಟ ಬಾಣ ಇದೆ, ಅದು ತೋರಿಸಿದ ಕಡೆಗೇ ಮುಚ್ಚಳ. ಈ ಬಾಣ ಹುಟ್ಟಿದ್ದು ಒಂದು ಮಳೆಯಲ್ಲಿ! 1986ರಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಜಿಮ್ ಮೊಯ್ಲನ್ ತಪ್ಪು ಮಗ್ಗುಲಿಗೆ ಕಾರು ನಿಲ್ಲಿಸಿ ನೆನೆದು ತೊಪ್ಪೆಯಾದರು. ಕಚೇರಿಗೆ ಹೋದವರೇ ಒಂದು ಟಿಪ್ಪಣಿ ಬರೆದರು. ಇವತ್ತು ಆ ಬಾಣ ಜಗತ್ತಿನ ಕೋಟ್ಯಂತರ ಕಾರುಗಳಲ್ಲಿದೆ!

ಬಂಕಿನವರು ಕಡಿಮೆ ಅಳೆದರೆಂಬ ಅನುಮಾನವೇ? ಪ್ರತಿ ಬಂಕಿನಲ್ಲೂ ಮುದ್ರೆ ಹೊಡೆದ ಐದು ಲೀಟರಿನ ಅಳತೆ ಪಾತ್ರೆ ಇರಬೇಕು. ಅದರಲ್ಲಿ ಹಾಕಿ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಫಿಲ್ಟರ್ ಪೇಪರನ್ನೂ ಕೇಳಬಹುದು. ಒಂದು ಹನಿ ಹಾಕಿ ಆರಲು ಬಿಡಿ, ಕಲೆ ಉಳಿಯದಿದ್ದರೆ ಒಳ್ಳೆಯ ಪೆಟ್ರೋಲು!

ನಿಮ್ಮ ಕಾರು ಕಬ್ಬು ಕುಡಿಯುತ್ತೆ ಎಂದರೆ ನಂಬುತ್ತೀರಾ? ಇ20 ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಅದು ಬರುವುದು ಕಬ್ಬಿನಿಂದ, ಮೆಕ್ಕೆಜೋಳ-ಅಕ್ಕಿಯಿಂದಲೂ ತೆಗೆಯುತ್ತಾರೆ. ಊರಿಗೆ ಹೋಗುವಾಗ ಸಾತಾರಾ, ಕೊಲ್ಹಾಪುರ, ಚಿಕ್ಕೋಡಿಯ ಕಡೆ ನೀವು ದಾಟುವ ಕಬ್ಬಿನ ಗದ್ದೆಗಳು ಕೂಡ ಒಂದು ಬಗೆಯ ಪೆಟ್ರೋಲ್ ಬಾವಿಗಳೇ! ಆದರೆ ಎಥನಾಲಿಗೆ ಕಸುವು ಕಡಿಮೆ, ಲೀಟರಿಗೆ ಲೀಟರು ಹೋಲಿಸಿದರೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ನೀರನ್ನೂ ಹೀರುತ್ತೆ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ ನೋಡಿಕೊಳ್ಳಿ.

ಜಗತ್ತಿನ ಮೊದಲ ಪೆಟ್ರೋಲ್ ಬಂಕು ಔಷಧಿ ಅಂಗಡಿ! 1888ರಲ್ಲಿ ಜರ್ಮನಿಯ ಬೆರ್ತಾ ಬೆಂಝ್ ಗಂಡನಿಗೆ ಹೇಳದೇ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಕಾರಿನಲ್ಲಿ ತವರಿಗೆ ಹೊರಟರು. ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಇಂಧನ ತೀರಿತು, ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡರು. ಕೊಳವೆ ಕಟ್ಟಿತು, ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಬ್ರೇಕು ಸವೆಯಿತು, ಮೋಚಿಯ ಕೈಲಿ ಚರ್ಮ ಹೊಡೆಸಿದರು. ಮೊಟ್ಟಮೊದಲ ದೂರದ ಕಾರು ಪಯಣವೇ ತವರುಮನೆಯ ಪಯಣ!

ಮೈಲೇಜಿನ ಮಾತಿಗೆ ಬರೋಣ. ಜಾಹೀರಾತಿನಲ್ಲಿ ಕಾಣುವ 'ಎಆರ್‌ಎಐ ಮೈಲೇಜ್' ಎಲ್ಲಿಯದು ಗೊತ್ತೇ? ಪುಣೆಯದೇ! ಕೋಥ್ರೂಡ್ ಬಳಿಯ ಗುಡ್ಡದ ಮೇಲೆ ಎಆರ್‌ಎಐ ಸಂಸ್ಥೆ ಇದೆ, ಹುಟ್ಟಿದ್ದು 1966ರಲ್ಲಿ. ಅಲ್ಲಿ ಮೈಲೇಜ್ ಪರೀಕ್ಷೆಗೆ ಕಾರು ರಸ್ತೆಗೇ ಇಳಿಯುವುದಿಲ್ಲ. ಕೋಣೆಯೊಳಗೆ ಉರುಳೆಗಳ ಮೇಲೆ ಚಕ್ರ ತಿರುಗುತ್ತೆ, ಕಾರು ನಿಂತಲ್ಲೇ ಓಡುತ್ತೆ! ಅಲ್ಲಿ ಭೂಮಕರ್ ಚೌಕದ ಟ್ರಾಫಿಕ್ ಇಲ್ಲ, ಸಂಜೆ ಆರರ ಹಿಂಜವಡಿಯಿಲ್ಲ. ನಿಮಗೆ ಆ ಅಂಕಿ ಸಿಗದಿದ್ದರೆ ಕಾರನ್ನು ಬೈಯಬೇಡಿ.

ಮಳೆ ಶುರುವಾಯಿತೇ? ಹೆದ್ದಾರಿಯ ಕೆಳಗಿನ ಅಂಡರ್‌ಪಾಸುಗಳಲ್ಲಿ ನೀರು ನಿಂತರೆ ತಿರುಗಿ ಬನ್ನಿ. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರು ತೇಲಬಹುದು! ನೀರಿನಲ್ಲಿ ಎಂಜಿನ್ ನಿಂತುಹೋದರೆ ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಡಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಒಳಗೆ ನೀರು ಹೊಕ್ಕ ಎಂಜಿನ್ ತಿರುಗಿದರೆ ಉಕ್ಕಿನ ರಾಡೇ ಬಾಗುತ್ತೆ! ಸಾಮಾನ್ಯ ವಿಮೆಯಲ್ಲಿ ಇದಕ್ಕೆ ದುಡ್ಡು ಬರುವುದಿಲ್ಲ, ಎಂಜಿನ್ ರಕ್ಷಣೆಯನ್ನು ಬೇರೆಯಾಗಿ ಸೇರಿಸಿಕೊಂಡಿರಬೇಕು. ಇದೊಂದು ಮಾತನ್ನು ಮನೆಯವರಿಗೆಲ್ಲ ಹೇಳಿಡಿ.

ಮಳೆಯಲ್ಲಿ ಗಾಜು ಮಂಜಾದರೆ ಬಟ್ಟೆಯಲ್ಲಿ ಒರೆಸುತ್ತೀರಾ? ಎಸಿ ಹಾಕಿ. ಎಸಿ ತಂಪು ಮಾಡುವುದಷ್ಟೇ ಅಲ್ಲ, ಗಾಳಿಯ ಪಸೆಯನ್ನೂ ಹಿಂಡಿ ತೆಗೆಯುತ್ತೆ. ನಿಮಿಷದಲ್ಲಿ ಗಾಜು ನಿಚ್ಚಳ! ಗಾಜಿನ ಮೇಲೆ ಆಡುವ ಆ ವೈಪರ್ ಕೂಡ ಒಬ್ಬ ಹೆಣ್ಣುಮಗಳ ಹೊಳಹು. ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದರು.

ಹೆದ್ದಾರಿ ಹತ್ತಿದಿರಿ. ವಾಕಡದ ಪಕ್ಕದಲ್ಲೇ ಹೋಗುವ ಈ ರಸ್ತೆಯನ್ನು ಎಲ್ಲೂ ಬಿಡದೇ ಹಿಡಿದರೆ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು! ಹಳೆಯ ಎನ್‌ಎಚ್ 4, ಈಗಿನ 48. ಆ 48 ಸುಮ್ಮನೆ ಕೊಟ್ಟ ಅಂಕಿಯಲ್ಲ. ಸಮ ಸಂಖ್ಯೆ ಎಂದರೆ ಉತ್ತರ-ದಕ್ಷಿಣ ಓಡುವ ರಸ್ತೆ, ಬೆಸ ಸಂಖ್ಯೆ ಎಂದರೆ ಪೂರ್ವ-ಪಶ್ಚಿಮ. ಅಂಕಿ ನೋಡಿದರೆ ದಿಕ್ಕು ಗೊತ್ತಾಗುತ್ತೆ!

ಮೈಲಿಗಲ್ಲಿನ ತಲೆಯ ಬಣ್ಣ ನೋಡಿ. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಹಳ್ಳಿಯ ರಸ್ತೆ. ದಾರಿ ತಪ್ಪಿದಾಗ ಕಲ್ಲೇ ಮಾತಾಡುತ್ತೆ!

'ವಾಹನೇ ಸಾವಕಾಶ ಚಾಲವಾ' ಎಂಬ ಮರಾಠಿ ಫಲಕ ಕಂಡಿತೇ? ನಮ್ಮ ಬೆಳಗಾವಿ ಮಂದಿಗೆ ತರ್ಜುಮೆ ಬೇಕೇ? ಮನೆಯಿಂದ ಹೊರಟಾಗ ಅವ್ವ ಹೇಳಿದ್ದೂ ಅದೇ, "ಸಾವಕಾಶ ಹೋಗ್ರಿ!"

ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೊಳ್ಳಿ. ಟೋಲು ದಾಟುವಾಗ ಗಾಜಿನ ಮೇಲಿನ ಫಾಸ್ಟ್ಯಾಗ್ ನೋಡಿ. ಅದರಲ್ಲಿ ಬ್ಯಾಟರಿಯೇ ಇಲ್ಲ! ಟೋಲಿನ ಯಂತ್ರ ಬಿಡುವ ರೇಡಿಯೋ ಅಲೆಯಿಂದಲೇ ಕರೆಂಟು ಹೀರಿಕೊಂಡು ಕ್ಷಣಮಾತ್ರ ಎಚ್ಚರವಾಗಿ, ತನ್ನ ನಂಬರು ಹೇಳಿ ಮತ್ತೆ ನಿದ್ದೆ ಹೋಗುತ್ತೆ.

ಎಂಬತ್ತರ ವೇಗದಲ್ಲಿ ಹೋಗುತ್ತಿದ್ದೀರಾ? ಒಂದು ಸೆಕೆಂಡಿಗೆ 22 ಮೀಟರ್! ಮೊಬೈಲಿನ ಮೇಲೆ ಎರಡು ಸೆಕೆಂಡು ಕಣ್ಣು ಹಾಯಿಸಿದರೆ 44 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ಇನ್ನೂ ಕೇಳಿ. ನಲವತ್ತರಿಂದ ಎಂಬತ್ತಕ್ಕೆ ಹೋದರೆ ವೇಗ ಎರಡು ಪಟ್ಟು, ಆದರೆ ಬ್ರೇಕು ಒತ್ತಿದ ಮೇಲೆ ಗಾಡಿ ಜಾರುವ ದೂರ ನಾಲ್ಕು ಪಟ್ಟು!

ವಾಪಸ್ ಬರುವಾಗ ಕಾತ್ರಜದ ಹೊಸ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ಇಳಿಜಾರು ನೆನಪಿರಲಿ. ಅಪಘಾತಕ್ಕೆ ಹೆಸರಾದ ಜಾಗ. ಪೆಟ್ರೋಲು ಉಳಿಯುತ್ತೆ ಅಂತ ನ್ಯೂಟ್ರಲ್ ಹಾಕುವವರಿಗೆ ಒಂದು ಆಶ್ಚರ್ಯ: ಇಂದಿನ ಕಾರುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಹೋಗುವ ಪೆಟ್ರೋಲು ಪೂರ್ತಿ ನಿಲ್ಲುತ್ತೆ, ನ್ಯೂಟ್ರಲ್‌ನಲ್ಲಿ ಮಾತ್ರ ಉರಿಯುತ್ತಲೇ ಇರುತ್ತೆ! ಬ್ರೇಕು ಕಾಯುವುದೂ ಹೆಚ್ಚು, ಪೆಟ್ರೋಲು ಹೋಗುವುದೂ ಹೆಚ್ಚು.

ಕತ್ತಲಾಯಿತು, ಹಿಂದಿನ ಲಾರಿಯ ಬೆಳಕು ಕಣ್ಣಿಗೆ ಚುಚ್ಚುತ್ತಿದೆ. ಒಳಗಿನ ಕನ್ನಡಿಯ ಕೆಳಗಿನ ಸಣ್ಣ ಕಡ್ಡಿ ಎಳೆಯಿರಿ. ಆ ಗಾಜು ಮೇಲೆ ದಪ್ಪ, ಕೆಳಗೆ ತೆಳು. ಕಡ್ಡಿ ಎಳೆದಾಗ ಹಿಂಬದಿಯ ಬೆಳ್ಳಿಲೇಪ ಸೂರಿನ ಕಡೆ ತಿರುಗಿ, ಮುಂದಿನ ಬರಿಗಾಜು ಮಾತ್ರ ಮಸುಕಾಗಿ ತೋರಿಸುತ್ತೆ. ಒಂದು ಕನ್ನಡಿಯಲ್ಲಿ ಎರಡು ಕನ್ನಡಿ!

ಒಂದು ಸೆಕೆಂಡನ್ನು ನೂರು ಪಾಲು ಮಾಡಿ. ಗಾಡಿ ಗುದ್ದಿದ ಮೇಲೆ ನಾಲ್ಕೈದು ಪಾಲು ಮುಗಿಯುವಷ್ಟರಲ್ಲಿ ಏರ್‌ಬ್ಯಾಗ್ ಉಬ್ಬಿ ನಿಂತಿರುತ್ತೆ, ನಿಮ್ಮ ಕಣ್ಣರೆಪ್ಪೆ ಇನ್ನೂ ಮುಚ್ಚಿರುವುದಿಲ್ಲ! ಆದರೆ ಬೆಲ್ಟು ಹಾಕದವರಿಗೆ ಅದೇ ಚೀಲ ಗುದ್ದು. ಹಿಂದಿನ ಸೀಟಿನವರಿಗೂ ಬೆಲ್ಟು ಕಡ್ಡಾಯ. ಈ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ರೂಪಿಸಿದರು, ಕಂಪನಿ ಅದರ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಜೀವ ಉಳಿಸುವ ಪಟ್ಟಿ, ಬಿಟ್ಟಿಯಾಗಿ!

ದಾರಿಯಲ್ಲಿ ಗಾಡಿ ಕೆಟ್ಟರೆ, ಅಪಘಾತ ಕಂಡರೆ 1033 ಒತ್ತಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. ನಿಮ್ಮನ್ನು ಕಾನೂನೇ ಕಾಯುತ್ತೆ!

ಊರು ಬಂತು. ಅಪ್ಪ ಬಾಗಿಲಲ್ಲೇ ನಿಂತಿದ್ದಾರೆ. ಭಾಕರವಡಿಯ ಪೊಟ್ಟಣ ಇಳಿಸಬೇಕು, "ಡಿಕ್ಕಿ ತೆಗಿ" ಅನ್ನುತ್ತೀರಿ. ಅದು ಇಂಗ್ಲಿಷರ ಕುದುರೆಗಾಡಿಯ ಹಿಂಬದಿಯಲ್ಲಿ ಆಳುಗಳು ಕೂರುತ್ತಿದ್ದ ಸೀಟಿನ ಹೆಸರು! ಇನ್ನೊಂದು ಮೋಜು ನೋಡಿ, ಕನ್ನಡದಲ್ಲಿ ಡಿಕ್ಕಿಯನ್ನು ತೆಗೆಯಲೂಬಹುದು, ಹೊಡೆಯಲೂಬಹುದು!