ಗಿಯರ್ ಹಾಕಿದರೆ ಕಾರು ಒದೆಯುವುದೇಕೆ?

ದೆಹಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗರಿಗೆ ಕಾರಿನ ಹುಚ್ಚು ಎಷ್ಟೆಂಬುದು ರಾಮಕೃಷ್ಣಪುರದ ನಮ್ಮ ಸಂಘದ ಗೇಟಿನ ಬಳಿ ಒಂದು ಸಂಜೆ ನಿಂತರೆ ತಿಳಿಯುತ್ತದೆ. ಒಳಗೆ ಯಕ್ಷಗಾನ ನಡೆಯುತ್ತಿದ್ದರೂ ಹೊರಗೆ ನಾಲ್ಕು ಜನ ಒಂದು ಬಾನೆಟ್ಟಿನ ಸುತ್ತ ನಿಂತಿರುತ್ತಾರೆ. ಬೈಯಲೆಂದು ಹೇಳುತ್ತಿಲ್ಲ, ನಾನೂ ಅವರಲ್ಲೊಬ್ಬ, ಕೂದಲು ಮಾತ್ರ ನರೆತಿದೆ.

ಕಳೆದ ಡಿಸೆಂಬರಿನಲ್ಲಿ ನೋಯ್ಡಾದ ಹುಡುಗನೊಬ್ಬ ಹತ್ತಿರ ಬಂದು, "ಅಂಕಲ್, ಡಿ ಗೆ ಹಾಕಿದರೆ ಸಾಕು, ಹಿಂದಿನಿಂದ ಯಾರೋ ಒದ್ದ ಹಾಗಾಗುತ್ತೆ. ರಿವರ್ಸ್‌ನಲ್ಲಿ ಇನ್ನೂ ಜೋರು" ಎಂದ. ಹಳೆಯ ಪೆಟ್ರೋಲ್ ಕಾರು, ಆಟೊಮ್ಯಾಟಿಕ್. ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಅದನ್ನು ತಾಳಿಕೊಳ್ಳಲೆಂದು ಗಿಯರ್‌ಬಾಕ್ಸ್ ಬಿಚ್ಚಿಸಿ ಗಟ್ಟಿ ಕ್ಲಚ್ ಪ್ಲೇಟು, ಶಿಫ್ಟ್ ಕಿಟ್ ಹಾಕಿಸಿದ್ದ. ಒಂದು ವರ್ಷದ ಉಳಿತಾಯ ಅದಕ್ಕೇ ಹೋಗಿತ್ತು. ಮೆಕ್ಯಾನಿಕ್ ಮೊದಲು "ಪರ್ಫಾರ್ಮೆನ್ಸ್ ಗಾಡಿ, ಝಟ್ಕಾ ಇದ್ದೇ ಇರುತ್ತೆ" ಎಂದವನು, ಆಮೇಲೆ ಮತ್ತೆ ಬಿಚ್ಚಬೇಕು, 70 ಸಾವಿರ ಆಗುತ್ತದೆ ಎಂದನಂತೆ. ಅಪ್ಪ ಗುಜರಿಗೆ ಹಾಕು ಎನ್ನುತ್ತಿದ್ದರು. ಒಂದು ದಿನ ಸೊಸೈಟಿಯ ಪಾರ್ಕಿಂಗಿನಲ್ಲಿ ಮಗುವಿನ ಸೈಕಲ್ಲೊಂದು ಹಿಂದಿದ್ದಾಗಲೇ ಕಾರು ಜಿಗಿದಿತ್ತು. ಹುಡುಗ ನಿಜಕ್ಕೂ ಹೆದರಿದ್ದ.

ಮೆಕ್ಯಾನಿಕ್ ಹೇಳಿದ್ದು ಅರ್ಧ ನಿಜ. ಇದು 2014ರಲ್ಲಿ ಗ್ರೇಟರ್ ನೋಯ್ಡಾದ ಆಟೊ ಎಕ್ಸ್‌ಪೋದಲ್ಲಿ ಸೆಲೆರಿಯೊ ಜೊತೆ ಬಂದ ಎಎಂಟಿ ಬಗೆಯದಲ್ಲ. ಅದು ಮಾಮೂಲಿ ಗಿಯರ್‌ಬಾಕ್ಸೇ, ಕ್ಲಚ್ ಒತ್ತುವ, ಗಿಯರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಇದರಲ್ಲಿ ಗಿಯರ್ ಹಾಕುವುದು ಎಣ್ಣೆಯ ಒತ್ತಡ. 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂದ ಹೈಡ್ರಾಮ್ಯಾಟಿಕ್‌ನ ವಂಶ. ಲಿವರನ್ನು ಡಿ ಗೆ ತಂದೊಡನೆ ಎಣ್ಣೆ ಕ್ಲಚ್ಚಿನೊಳಗೆ ನುಗ್ಗಿ ಪ್ಲೇಟುಗಳನ್ನು ಅದುಮುತ್ತದೆ. ಆ ನುಗ್ಗುವಿಕೆಯನ್ನು ಮೆತ್ತಗೆ ಮಾಡಲು ಕಿರಿದಾದ ರಂಧ್ರಗಳೂ, ಅಕ್ಯುಮುಲೇಟರ್ ಎಂಬ ಸ್ಪ್ರಿಂಗ್ ಪಿಸ್ಟನ್ನೂ ಇರುತ್ತವೆ. ಶಿಫ್ಟ್ ಕಿಟ್ ಮಾಡುವುದು ಸಾಮಾನ್ಯವಾಗಿ ಒತ್ತಡ ಹೆಚ್ಚಿಸಿ ಈ ಮೆತ್ತನೆಯನ್ನು ಕಡಿಮೆ ಮಾಡುವ ಕೆಲಸ. ಜೋರಾಗಿ ಓಡುವಾಗ ಗಿಯರ್ ಬಿಗಿಯಾಗಿ ಬಿದ್ದರೆ ಪ್ಲೇಟು ಜಾರಿ ಸುಡುವುದಿಲ್ಲ, ಅದು ಒಳ್ಳೆಯದೇ. ಆದರೆ ನಿಂತ ಕಾರು ಒದೆಯುವುದಕ್ಕೂ ಪರ್ಫಾರ್ಮೆನ್ಸಿಗೂ ಏನೂ ಸಂಬಂಧವಿಲ್ಲ.

ನಾನು ಕೇಳಿದ ಮೊದಲ ಪ್ರಶ್ನೆ: ಒದೆತ ತಕ್ಷಣ ಬರುತ್ತದೋ, ಒಂದೆರಡು ಕ್ಷಣ ತಡೆದು ಬರುತ್ತದೋ? ತಡೆದು ಬಂದರೆ ಎಣ್ಣೆ ಕಡಿಮೆಯಿರಬಹುದು, ಒಳಗಿನ ಸೀಲು ಸೋರುತ್ತಿರಬಹುದು, ಪ್ಲೇಟುಗಳ ನಡುವೆ ಸಂದು ಹೆಚ್ಚಿರಬಹುದು. ತಕ್ಷಣ ಬಂದರೆ ಅನುಮಾನ ಒತ್ತಡದ ಮೇಲೆ, ಇಲ್ಲವೇ ವಾಲ್ವ್ ಬಾಡಿಯಲ್ಲಿ ತಪ್ಪು ಗುಳಿಯಲ್ಲಿ ಕುಳಿತ ಪುಟ್ಟ ಉಕ್ಕಿನ ಗುಂಡಿನ ಮೇಲೆ. ಇವನದು ತಕ್ಷಣ.

ಆದರೂ ಬಿಚ್ಚಲು ಬಿಡಲಿಲ್ಲ. ಮೊದಲು ಹೊರಗಿನದನ್ನು ನೋಡೋಣವೆಂದೆ. ಎಂಜಿನ್ ಬಿಸಿಯಾದ ಮೇಲೂ ಐಡ್ಲಿಂಗ್ 1,150 ಇತ್ತು. 750ರ ಆಸುಪಾಸು ಇರಬೇಕಾದದ್ದು. ಬಿರುಕು ಬಿಟ್ಟ ಒಂದು ರಬ್ಬರ್ ಪೈಪಿನಿಂದ ಗಾಳಿ ಸೇರುತ್ತಿತ್ತು. ಎಂಜಿನ್ ಅಷ್ಟು ಜೋರಾಗಿ ತಿರುಗುವಾಗ ಗಿಯರ್ ಹಾಕಿದರೆ ಯಾವ ಕಾರೂ ಜಿಗಿಯುತ್ತದೆ. ಜೊತೆಗೆ ಒಂದು ಎಂಜಿನ್ ಮೌಂಟಿಂಗ್, ಇಲ್ಲಿಯ ಉಸ್ತಾದರ ಬಾಯಲ್ಲಿ 'ಫೌಂಡೇಶನ್', ಹರಿದಿತ್ತು. ಕಶ್ಮೀರಿ ಗೇಟಿನಿಂದ ಎರಡನ್ನೂ ತಂದು ಹಾಕಿಸಿದ. ಒದೆತ ಅರ್ಧಕ್ಕಿಳಿಯಿತು.

ಉಳಿದರ್ಧಕ್ಕೆ ಪ್ರೆಶರ್ ಗೇಜ್ ಬೇಕಾಯಿತು. ಚಕ್ರಗಳಿಗೆ ಕಟ್ಟೆ ಕೊಟ್ಟು, ಎದುರು ಯಾರೂ ನಿಲ್ಲದಂತೆ ನೋಡಿಕೊಂಡು, ಬ್ರೇಕ್ ತುಳಿದು ಅಳೆದೆವು. ಐಡ್ಲಿಂಗ್‌ನಲ್ಲೇ ಮುಳ್ಳು ಸರ್ವಿಸ್ ಪುಸ್ತಕ ಹೇಳುವ ಗರಿಷ್ಠದ ಹತ್ತಿರ ನಿಂತಿತು. ಅಲ್ಲಿಗೆ ಕಾರಣ ಹೆಚ್ಚು ಕಡಿಮೆ ತಿಳಿದ ಹಾಗೆಯೇ. ಕಂಪ್ಯೂಟರ್ ನಡೆಸುವ ಬಹುತೇಕ ಗಿಯರ್‌ಬಾಕ್ಸುಗಳಲ್ಲಿ ಒತ್ತಡ ಇಳಿಸುವ ಸೊಲೆನಾಯ್ಡಿಗೆ ಕರೆಂಟು ತಪ್ಪಿದರೆ ಒತ್ತಡ ತಾನಾಗಿ ಪೂರ್ತಿ ಏರುತ್ತದೆ, ಪ್ಲೇಟುಗಳು ಸುಡದಿರಲೆಂದು. ಸ್ಕ್ಯಾನರಿನಲ್ಲಿ ದೋಷದ ಕೋಡೂ ಇತ್ತು. ಡ್ಯಾಶ್‌ಬೋರ್ಡಿನಲ್ಲಿ ದೀಪ ತಿಂಗಳುಗಟ್ಟಲೆ ಉರಿಯುತ್ತಿದ್ದರೂ "ಟ್ಯೂನಿಂಗ್ ಮಾಡಿಸಿದ್ದರಿಂದ" ಎಂದು ಇವನು ನಂಬಿದ್ದ! ಕನೆಕ್ಟರ್ ಬಿಚ್ಚಿ ನೋಡಿದರೆ ಒಂದು ಪಿನ್ನು ಹಿಂದಕ್ಕೆ ಸರಿದಿತ್ತು. ಗಿಯರ್‌ಬಾಕ್ಸ್ ಕೂರಿಸುವಾಗ ಯಾರೋ ಒತ್ತಿ ಹಾಕಿರಬೇಕು.

ಪಿನ್ನು ಸರಿಪಡಿಸಿ, ಹಳೆಯ ಪ್ಲೇಟುಗಳ ಕಾಲದಲ್ಲಿ ಕಂಪ್ಯೂಟರ್ ಕಲಿತಿದ್ದ ಲೆಕ್ಕವನ್ನು ಅಳಿಸಿ, ಹೊಸದಾಗಿ ಕಲಿಯಲು ಯಮುನಾ ಎಕ್ಸ್‌ಪ್ರೆಸ್‌ವೇ ಕಡೆಗೊಂದು ಸುತ್ತು ಹಾಕಿಬಂದೆವು. ಎಣ್ಣೆಯನ್ನು ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಅಳೆದು ಸರಿಮಾಡಿದೆವು. ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಬೇಕು, ಸಿಕ್ಕಿದ ಕೆಂಪು ಎಣ್ಣೆಯನ್ನಲ್ಲ.

ಈಗ ಡಿ ಗೆ ಹಾಕಿದರೆ ಸಣ್ಣದೊಂದು ತಳ್ಳು, ಅಷ್ಟೇ. ರಿವರ್ಸ್‌ನಲ್ಲಿ ಚಳಿಗಾಲದ ಬೆಳಿಗ್ಗೆ ಇನ್ನೂ ಒಂದು 'ಟಪ್' ಇದೆ. ಬಿಚ್ಚಲೇ ಎಂದು ವಾರಕ್ಕೊಮ್ಮೆ ಕೇಳುತ್ತಾನೆ. ಬೆಚ್ಚಗಾದ ಮೇಲೂ ಬರುತ್ತದೆಯೇ ಎಂದು ಬರೆದಿಟ್ಟುಕೋ, ಆಮೇಲೆ ನೋಡೋಣ ಎಂದಿದ್ದೇನೆ.